ಓಬಳಮ್ಮನ ಪದ ಉಳಿಸಿಕೊಟ್ಟ ಅರ್ಶಿಯಾ

ಅರ್ಶಿಯಾ ಹುಟ್ಟಿದ್ದು ಹುಲಿಯೂರುದುರ್ಗದಲ್ಲಿ. ತಂದೆ ಅಜ್ಮತುಲ್ಲಾ ಅವರದು ಚಪ್ಪಲಿ ಅಂಗಡಿ. ಮನೆಯಲ್ಲಿ ಉರ್ದು, ಹೊರಗೆ ಕನ್ನಡ. ಅವಳಿಗೆ ಹೆಚ್ಚು ಒಲಿದದ್ದು ಕನ್ನಡ. ಕುಣಿಗಲ್ಲಿನಲ್ಲಿ ಪದವಿ ಮುಗಿಸಿದವಳು ತುಮಕೂರಿನ ‘ತೋಟದ ಮಾತು’ ಎಂಬ ವೆಬ್ ಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದಳು. ಓದುಗರ ಫೋನಿಗೆ ಉತ್ತರಿಸುವುದೂ ಅವಳ ಪಾಲಿಗೇ ಬಂತು.

ಪತ್ರಿಕೆಯ ಆ್ಯಪ್‌ನಲ್ಲಿ ಬೇಕಾದ ಲೇಖನವನ್ನು ಬುಕ್‌ಮಾರ್ಕ್ ಮಾಡಿ, ಮತ್ತೆ ಹುಡುಕಲು ಸುಲಭವಾಗಲೆಂದು ಓದುಗರು ತಮಗೆ ತೋಚಿದ ಟ್ಯಾಗ್, ಅಂದರೆ ಗುರುತಿನ ಪದ, ಬರೆದುಕೊಳ್ಳುತ್ತಿದ್ದರು. ಪ್ರಕಾಶಕ ಲಕ್ಷ್ಮೀನರಸಿಂಹಯ್ಯ ಒಂದು ದಿನ ಅದನ್ನು ಬದಲಿಸಿದರು. ಇನ್ನು ಮುಂದೆ ಕಚೇರಿಯ ಟ್ಯಾಗೇ ತಾನಾಗಿ ಬೀಳಬೇಕು. ಓದುಗರು ಬರೆದಿದ್ದ ಪದ ಅಳಿಸಿ, ಹಳೆಯ ಬುಕ್‌ಮಾರ್ಕ್‌ಗಳಿಗೂ ಅದೇ ಅಂಟಿತು.

“ಟೈಪ್ ಮಾಡೋಕೆ ಜನಕ್ಕೆ ಬೇಜಾರಮ್ಮ. ನಾವೇ ಹಾಕ್ಕೊಟ್ರೆ ಅವ್ರಿಗೂ ಸಲೀಸು, ನಮಗೂ ಒಂದು ಶಿಸ್ತು,” ಎಂದರು.

ಮೂರನೇ ದಿನ ಗುಬ್ಬಿಯಿಂದ ಫೋನ್ ಬಂತು. ತೆಂಗಿನ ಸಸಿ ಬೆಳೆಸಿ ಮಾರುವ ಓಬಳಮ್ಮ.

“ಏನವ್ವಾ, ನನ್ ‘ಮರ ಅಳೋದು’ ಎಲ್ಲೋಯ್ತು? ಮುಂದಿನ್ ತಿಂಗ್ಳು ಸಂಘದ ಹೆಂಗಸ್ರಿಗೆ ತೋರಿಸ್ಬೇಕು ಕಣವ್ವ!”

ಅರ್ಶಿಯಾಗೆ ಅರ್ಥವಾಗಲಿಲ್ಲ. ಮರುದಿನ ಬಸ್ ಹತ್ತಿ ಗುಬ್ಬಿಗೇ ಹೋದಳು. ಓಬಳಮ್ಮ ಒಂದು ತೆಂಗಿನ ಮರ ತೋರಿಸಿದಳು. ಕಾಂಡದ ಬಿರುಕಿನಿಂದ ಕಂದು ರಸ ಕಣ್ಣೀರಿನಂತೆ ಇಳಿದಿತ್ತು. ‘ಮರ ಅಳೋದು’ ಎಂದು ಅವಳು ಗುರುತಿಟ್ಟಿದ್ದ ಆ ರೋಗದ ಲೇಖನ ಈಗ ‘ಸಸ್ಯ ಸಂರಕ್ಷಣೆ’ ಎಂಬ ಟ್ಯಾಗಿನಡಿ ನೂರಾರು ಲೇಖನಗಳ ಮಧ್ಯೆ ಹೂತುಹೋಗಿತ್ತು.

“ನಮ್ಮತ್ತೆ ಹಂಗೇ ಅನ್ನೋರು, ಮರ ಅಳ್ತೈತೆ ಅಂತ. ಈ ಸಸ್ಯ ಸಂರಕ್ಷಣೆ ಯಾರ ಮನೆ ಮಾತವ್ವಾ?”

ಅರ್ಶಿಯಾಗೆ ನಗು ಬಂತು, ಹಿಂದೆಯೇ ನಾಚಿಕೆಯೂ. ಆ ಟ್ಯಾಗುಗಳ ಪಟ್ಟಿಯ ಕಾಗುಣಿತ ತಿದ್ದಿದವಳು ಅವಳೇ.

ಆಮೇಲೆ ಎರಡು ವಾರ ಬಿಡುವಾದಾಗಲೆಲ್ಲ ಓದುಗರಿಗೆ ಫೋನ್ ಮಾಡಿದಳು. ಹೆಚ್ಚಿನವರು ಸಿಟ್ಟಾಗಿದ್ದರು. ಆದರೆ ಕುಣಿಗಲ್ಲಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಜಾವೇದ್ ಬೇರೆಯೇ ಮಾತಾಡಿದ. “ನಂಗೆ ಪದ ಹೊಳೆಯಲ್ಲ ಮೇಡಂ. ನೀವು ನಾಕು ತೋರ್ಸಿ, ಬೇಕಾದ್ದನ್ನ ನಾನೇ ಒತ್ಕೋತೀನಿ.” ಅವಳಿಗೆ ದಾರಿ ಸಿಕ್ಕಿದ್ದು ಅಲ್ಲಿ. ಪ್ರಕಾಶಕರು ಪದ ಸೂಚಿಸಲಿ, ಅಂಟಿಸುವುದು ಬೇಡ.

ಕಚೇರಿಯ ಸಭೆಯಲ್ಲಿ ಇದನ್ನು ಹೇಳಿದಾಗ ಲಕ್ಷ್ಮೀನರಸಿಂಹಯ್ಯ ಅಡ್ಡಡ್ಡ ತಲೆಯಾಡಿಸಿದರು. “ನಾಲ್ಕು ಜನರ ಮಾತು ಕೇಳ್ಕೊಂಡು ಸಿಸ್ಟಂ ಬದಲಾಯ್ಸಕ್ಕಾಗುತ್ತಾ?”

ಅರ್ಶಿಯಾ ಎದ್ದು ನಿಂತಳು. “ಸರ್, ನೀವೇ ಉಳಿಸಿಟ್ಕೊಂಡಿರೋ ಒಂದು ಲೇಖನ ಈಗ ಹುಡುಕ್ತೀರಾ?”

ಅವರು ಮೊಬೈಲ್ ತೆಗೆದರು. ಬೆರಳು ಮೇಲೆ ಕೆಳಗೆ ಓಡಿತು. ಹಕ್ಕಿಗಳ ಬಗೆಗಿನ ಲೇಖನಗಳನ್ನು ಅವರು ‘ಮೊಮ್ಮಗಳಿಗೆ’ ಎಂದು ಬರೆದಿಟ್ಟುಕೊಂಡಿದ್ದರು. ಆ ಪದವೇ ಇರಲಿಲ್ಲ; ಅಲ್ಲಿದ್ದದ್ದು ‘ಇತರೆ’. ಕೊನೆಗೆ ಅವರು ಮೊಬೈಲ್ ಮೇಜಿನ ಮೇಲಿಟ್ಟು, “ನೀನು ಹೇಳ್ದಂಗೇ ಮಾಡೋಣಮ್ಮ,” ಎಂದರು.

ಅಳಿಸಿಹೋಗಿದ್ದ ಪದಗಳನ್ನು ಹಳೆಯ ಬ್ಯಾಕಪ್‌ನಿಂದ ಒಂದೊಂದಾಗಿ ಮರಳಿಸಿದರು. ಈಗ ಕಚೇರಿಯ ಸೂಚನೆಗಳು ತಿಳಿ ಬಣ್ಣದಲ್ಲಿ ಕೆಳಗೆ ಕಾಣುತ್ತವೆ. ಓದುಗರು ಒತ್ತದೆ ಅಂಟುವುದಿಲ್ಲ.

ಮುಂದಿನ ತಿಂಗಳು ಗುಬ್ಬಿಯ ಸಂಘದ ಸಭೆಗೆ ಓಬಳಮ್ಮ ಅರ್ಶಿಯಾಳನ್ನು ಕರೆಸಿಕೊಂಡಳು. ನಲವತ್ತು ಹೆಂಗಸರ ಮುಂದೆ ಒಂದೇ ಒತ್ತಿಗೆ ಲೇಖನ ತೆರೆದು, ಅವಳ ಕೈ ಹಿಡಿದೆತ್ತಿದಳು. “ನನ್ ಮಾತು ವಾಪಸ್ ತಂದ್ಕೊಟ್ಟ ಹುಡುಗಿ ಇವ್ಳೇ ಕಣ್ರೇ!” ಚಪ್ಪಾಳೆ ನಿಲ್ಲಲು ಹೊತ್ತು ಹಿಡಿಯಿತು. ಮುಂದಿನ ಸಾಲಿನಲ್ಲಿದ್ದ ಕದರಮ್ಮ ಆಗಲೇ ತನ್ನ ಮೊಬೈಲಿನಲ್ಲಿ ಅದೇ ಲೇಖನ ಉಳಿಸಿಕೊಂಡು, ‘ಹಿತ್ತಲ ಮರದ ಔಷಧಿ’ ಎಂದು ಅಕ್ಷರ ಕೂಡಿಸಿ ಬರೆಯುತ್ತಿದ್ದಳು.

ಅರ್ಶಿಯಾ ಈಗ ಓದುಗರ ವಿಭಾಗದ ಮುಖ್ಯಸ್ಥೆ. ಅವಳು ಒಪ್ಪದೆ ಕಚೇರಿಯ ಒಂದು ಟ್ಯಾಗ್ ಸೂಚನೆಯೂ ಹೊರಗೆ ಹೋಗುವುದಿಲ್ಲ.