ಕೆಂಪು ಝಂಡಾ ಇತ್ತೇನು?

ಭೀಮರಾಯ ಅಂಬಿಗರವನು. ಬಿಜಾಪುರ ಜಿಲ್ಲೆಯ ಇಂಡಿ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಹಳ್ಳಿಯೊಂದರಲ್ಲಿ ಹುಟ್ಟಿದವನು. ಅಪ್ಪ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುತ್ತಿದ್ದ. ಸೇತುವೆ ಬಂದ ಮೇಲೆ ದೋಣಿ ಹತ್ತುವವರು ಇಲ್ಲದಾದರು. 1968ರಲ್ಲಿ ಭೀಮರಾಯ ಹೆಂಡತಿ ಲಕ್ಷ್ಮವ್ವನನ್ನು ಕರೆದುಕೊಂಡು ಮುಂಬೈಗೆ ಬಂದ. ಅಂಧೇರಿಯ ಝೋಪಡಿಯೊಂದರಲ್ಲಿ ಬಿಡಾರ ಹೂಡಿ, ಜುಹೂ ದಂಡೆಯಲ್ಲಿ ಏಳುತ್ತಿದ್ದ ದೊಡ್ಡ ಹೋಟೆಲೊಂದಕ್ಕೆ ಗಂಡಹೆಂಡತಿ ಇಬ್ಬರೂ ಎರಡು ವರ್ಷ ಉಸುಕು ಹೊತ್ತರು.

ಕಟ್ಟಡ ಮುಗಿಯುತ್ತ ಬಂದಿದ್ದ ಒಂದು ಮಧ್ಯಾಹ್ನ ಎಂಜಿನಿಯರ್ ಸಾಹೇಬ ಈಜಲು ಹೋಗಿ ಸೆಳವಿಗೆ ಸಿಕ್ಕಿಕೊಂಡ. ದಂಡೆಯಲ್ಲಿ ನಿಂತವರೆಲ್ಲ ಕೂಗಾಡುತ್ತಿದ್ದಾಗ ಭೀಮರಾಯ ತಲೆಯ ಮೇಲಿನ ಬುಟ್ಟಿ ಒಗೆದು ನೀರಿಗೆ ಹಾರಿದ. ಸೆಳವಿಗೆ ಎದುರಾಗಿ ಈಜದೆ ಅದರ ಜೊತೆಗೇ ಅಡ್ಡಕ್ಕೆ ಹೋಗಿ, ಆ ಮನುಷ್ಯನನ್ನು ಅರ್ಧ ಫರ್ಲಾಂಗಿನಾಚೆ ಜೀವಂತ ದಡಕ್ಕೆ ತಂದ. ಹೋಟೆಲಿನ ಮಾಲೀಕರ ಕಿವಿಗೆ ಸುದ್ದಿ ಬಿತ್ತು. ಹೋಟೆಲು ತೆರೆದ ದಿನ ಭೀಮರಾಯನಿಗೆ ನೀಲಿ ಅಂಗಿ, ಬಿಳಿ ಚಡ್ಡಿ, ಕೊರಳಿಗೊಂದು ಸೀಟಿ ಸಿಕ್ಕವು. ತೆಂಗಿನ ಮರದ ನೆರಳಲ್ಲಿ ಅವನ ಕುರ್ಚಿ, ಅದರ ಪಕ್ಕ ಝಂಡಾದ ಕಂಬ. ಸಮುದ್ರ ಕೆಟ್ಟಿದ್ದ ದಿನ ಕೆಂಪು ಬಟ್ಟೆ ಏರಿಸಬೇಕು, ಸರಿಯಿದ್ದರೆ ಇಳಿಸಬೇಕು. ಅದನ್ನು ನಿರ್ಧರಿಸುವವನು ಅವನೇ. ಮುಂಬೈಯಲ್ಲಿ ಅವನ ಮಾತಿಗೆ ಬೆಲೆಯಿದ್ದದ್ದು ಆ ಒಂದು ವಿಷಯದಲ್ಲಿ ಮಾತ್ರ.

ಅಲ್ಲಿಗೆ ಬರುವ ಜನರನ್ನು ನೋಡುವುದು ಅವನಿಗೆ ಮೊದಮೊದಲು ಆಟದಂತಿತ್ತು. ಬಿಸಿಲಿಗೆ ಮೈಯೊಡ್ಡಿ ಸಂಡಿಗೆಯ ಹಾಗೆ ಮಲಗುವ ಪರಂಗಿಯವರು. ಸೀರೆಯ ನಿರಿಗೆ ಎತ್ತಿ ಹಿಡಿದು, ಅಲೆ ಬಂದರೆ ಕಿರುಚಿ ಹಿಂದಕ್ಕೆ ಓಡುವ ಸೇಠಾಣಿಯರು. ಬೆತ್ತದ ಕುರ್ಚಿಯಲ್ಲಿ ಎಳನೀರು ಹಿಡಿದು ಕೂತು, ನಾಲ್ಕು ದಿನವೂ ನೀರಿಗೆ ಕಾಲಿಡದೆ ಹೋಗುವ ಮುದುಕರು. ದುಡ್ಡು ಕೊಟ್ಟು ಬಂದವರಿಗೆ ಸಮುದ್ರವೂ ಕೋಣೆಯ ಜೊತೆಗೆ ಬಾಡಿಗೆಗೆ ಸಿಕ್ಕಿದೆ ಎಂಬ ಭಾವನೆ ಇರುತ್ತಿತ್ತು. ಕೆಂಪು ಝಂಡಾ ಕಂಡರೆ ಅವರು ಭೀಮರಾಯನ ಮೇಲೆ ಸಿಟ್ಟಾಗುತ್ತಿದ್ದರು. ಅವನು ಎರಡೂ ಕೈ ಮುಗಿದು "ಆಜ್ ನಹೀಂ ಸಾಬ್" ಎನ್ನುತ್ತಿದ್ದ.

1973ರ ಸೆಪ್ಟೆಂಬರಿನಲ್ಲಿ ಬೆಳಗಾವಿಯಿಂದ ಒಂದು ಜೋಡಿ ಬಂದಿಳಿಯಿತು. ಮದುವೆಯಾಗಿ ಮೂರು ತಿಂಗಳಾಗಿತ್ತು. ಹುಡುಗ ಶಿವಪುತ್ರ, ಅರಳೆ ವ್ಯಾಪಾರಿ ಅಣವೀರಪ್ಪನವರ ಒಬ್ಬನೇ ಮಗ. ಹುಡುಗಿ ಸೇವಂತಿ. ಮೊದಲ ದಿನ ಸಂಜೆ ಭೀಮರಾಯ ತನ್ನಷ್ಟಕ್ಕೆ ಏನೋ ಗೊಣಗಿದ್ದನ್ನು ಕೇಳಿ ಶಿವಪುತ್ರ ಗಕ್ಕನೆ ತಿರುಗಿ ನಿಂತ.

"ಏ, ನೀ ನಮ್ಮ ಕಡೆಯವ! ಯಾವೂರೋ ನಿಂದು?"

"ಇಂಡಿ ಕಡಿ ರೀ ಸಾಹೇಬ್ರ. ಭೀಮಾ ದಂಡಿ."

"ಅಲ್ಲಿಂದ ಇಲ್ಲಿ ಬಂದು ಸಮುದ್ರಾ ಕಾಯಾಕತ್ತೀಯಾ?" ಎಂದು ಶಿವಪುತ್ರ ನಕ್ಕ. ಸೇವಂತಿಯೂ ನಕ್ಕಳು.

ಅಂದಿನಿಂದ ಆ ಇಬ್ಬರೂ ಅವನ ಕುರ್ಚಿಯ ಹತ್ತಿರವೇ ಕೂರುತ್ತಿದ್ದರು. ಮನೆಯಿಂದ ತಂದ ಕರದಂಟು ಕೊಟ್ಟರು. ಶಿವಪುತ್ರ ಕೆರೆಯಲ್ಲಿ ಈಜು ಕಲಿತವನು, ಸಮುದ್ರಕ್ಕಿಳಿಯುವ ಆಸೆ ಬಹಳ. ಆದರೆ ಮೂರು ದಿನವೂ ಕೆಂಪು ಝಂಡಾ ಇತ್ತು. ಮಳೆಗಾಲ ಪೂರ್ತಿ ಹೋಗಿರಲಿಲ್ಲ. ಅವನು ಝಂಡಾ ನೋಡಿ ನಿಟ್ಟುಸಿರು ಬಿಡುತ್ತಿದ್ದ, ಒಂದು ಹೆಜ್ಜೆಯೂ ಮುಂದಿಡಲಿಲ್ಲ. ಹೇಳಿದ ಮಾತು ಕೇಳುವ ಹುಡುಗ ಎಂದು ಭೀಮರಾಯನಿಗೆ ಅವನ ಮೇಲೆ ಅಕ್ಕರೆ ಹುಟ್ಟಿತ್ತು.

ನಾಲ್ಕನೆಯ ದಿನ ಭಾನುವಾರ. ಯಾವುದೋ ಕಂಪನಿಯವರ ದೊಡ್ಡ ಊಟ ಹುಲ್ಲುಹಾಸಿನ ಮೇಲೆ ಇತ್ತು. ಹನ್ನೊಂದರ ಹೊತ್ತಿಗೆ ಮ್ಯಾನೇಜರ್ ಬಿರಬಿರನೆ ಬಂದು ಕಂಬದ ಕಡೆ ಬೆರಳು ಮಾಡಿದ.

"ಯೇ ಲಾಲ್ ಕಪಡಾ ನಿಕಾಲೋ. ಇಷ್ಟು ದೊಡ್ಡ ದೊಡ್ಡ ಜನ ಬರುತ್ತಾರೆ, ಅವರಿಗೆ ಇದನ್ನು ತೋರಿಸುತ್ತೀಯಾ?"

ಒಳಗೆ ಸೆಳವು ಜೋರಿದೆ ಎಂದು ಭೀಮರಾಯ ತನ್ನ ಮುರುಕು ಹಿಂದಿಯಲ್ಲಿ ಹೇಳಿದ. ಮ್ಯಾನೇಜರ್ ಸಮುದ್ರದ ಕಡೆ ನೋಡಿದ. ಮೇಲೆ ಎಲ್ಲ ಶಾಂತವಾಗಿತ್ತು. ಬಿಸಿಲಿಗೆ ನೀರು ಮಿರುಗುತ್ತಿತ್ತು. "ನಿನಗೆ ಕೆಲಸ ಬೇಕೋ ಬೇಡವೋ?" ಎಂದ.

ಭೀಮರಾಯ ಝಂಡಾ ಇಳಿಸಿದ. ಸುರುಳಿ ಸುತ್ತಿ ಕುರ್ಚಿಯ ಕೆಳಗಿಟ್ಟ.

ಸ್ವಲ್ಪ ಹೊತ್ತಿಗೆ ಶಿವಪುತ್ರ, ಸೇವಂತಿ ಬಂದರು. ಬರಿದಾದ ಕಂಬ ನೋಡಿ ಹುಡುಗನ ಮುಖ ಅರಳಿತು.

"ಝಂಡಾ ಇಲ್ಲಲ್ಲೋ ಇವತ್ತ! ಇಳೀಬಹುದಲ್ಲ?"

ಇಳಿಯಬೇಡಿ ಎಂಬ ಮಾತು ಭೀಮರಾಯನ ನಾಲಿಗೆಯ ತುದಿಗೆ ಬಂದಿತ್ತು. ಹಿಂದೆ ಹತ್ತು ಮಾರು ದೂರದಲ್ಲಿ ಮ್ಯಾನೇಜರ್ ನಿಂತಿದ್ದ.

"ಮೊಣಕಾಲಮಟ ಹೋಗ್ರಿ ಸಾಹೇಬ್ರ. ಮುಂದ ಬ್ಯಾಡ."

"ನೀ ಅದಿಯಲ್ಲೋ, ನನಗೇನ ಅಂಜಿಕಿ?" ಎಂದು ಶಿವಪುತ್ರ ಅಂಗಿ ತೆಗೆದು ಸೇವಂತಿಯ ಕೈಗೆ ಕೊಟ್ಟ.

ಅದೇ ಹೊತ್ತಿಗೆ ಮ್ಯಾನೇಜರ್ ಚಪ್ಪಾಳೆ ತಟ್ಟಿ ಭೀಮರಾಯನನ್ನು ಕರೆದ. ಊಟದ ಮೇಜುಗಳನ್ನು ನೆರಳಿಗೆ ಸರಿಸಬೇಕಂತೆ, ಕೈ ಸಾಲದು. ಭೀಮರಾಯ ಹೋದ. ಐದನೆಯ ಮೇಜು ಎತ್ತುತ್ತಿದ್ದಾಗ ಸೇವಂತಿಯ ಚೀರು ಕೇಳಿತು.

ಅವನು ಓಡಿದ ಓಟವನ್ನು ಕಂಡವರು ಆಮೇಲೂ ಎಷ್ಟೋ ದಿನ ಹೇಳುತ್ತಿದ್ದರು. ನೀರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ ಹುಡುಕಿದ. ಕಡೆಗೆ ಕೂದಲು ಕೈಗೆ ಸಿಕ್ಕಿತು. ಹುಡುಗನನ್ನು ಹೆಗಲ ಮೇಲೆ ಹಾಕಿಕೊಂಡು ದಡಕ್ಕೆ ಬಂದು, ಮಗ್ಗುಲಿಗೆ ಹೊರಳಿಸಿ ನೀರು ಕಕ್ಕಿಸಿದ, ಎದೆ ಒತ್ತಿದ, ಹೆಸರು ಹಿಡಿದು ಕೂಗಿದ. ಏನೂ ಆಗಲಿಲ್ಲ. ಏದುಸಿರು ಬಿಡುತ್ತ ತಲೆ ಎತ್ತಿದಾಗ ಅವನಿಗೆ ಕಂಡದ್ದು ಕಂಬದ ತುದಿಯಲ್ಲಿ ಪಟಪಟ ಬಡಿಯುತ್ತಿದ್ದ ಕೆಂಪು ಬಟ್ಟೆ. ಅವನು ನೀರಿನಲ್ಲಿದ್ದಾಗ ಯಾರೋ ಏರಿಸಿದ್ದರು.

ಪೊಲೀಸರು ಬರುವ ಮೊದಲು ಮ್ಯಾನೇಜರ್ ಅವನನ್ನು ಅಡುಗೆಮನೆಯ ಹಿಂದಕ್ಕೆ ಕರೆದೊಯ್ದ. ಮಾತು ಮೆತ್ತಗಿತ್ತು. ಝಂಡಾ ಬೆಳಗಿನಿಂದಲೂ ಇತ್ತು. ಹುಡುಗ ಹಠ ಮಾಡಿ ಇಳಿದ, ಹಾಗೇ ಹೇಳು. ಹಾಗಲ್ಲ ಎಂದರೆ, ಅದನ್ನು ಇಳಿಸಿದ ಕೈ ಯಾರದು? ಜೈಲಿಗೆ ಹೋಗುವವರು ಯಾರು? ನಿನ್ನ ಹೆಂಡತಿಗೆ ತುಂಬು ದಿನ ಅಂತಲ್ಲ?

"ಝಂಡಾ ಹೋತಾ ಕಾ?" ಎಂದು ಹವಾಲ್ದಾರ ಮರಾಠಿಯಲ್ಲಿ ಕೇಳಿದ. "ಹೋತಾ", ಇತ್ತು, ಎಂದ ಭೀಮರಾಯ. ಹವಾಲ್ದಾರ ಬರೆದುಕೊಂಡ.

ಮರುದಿನ ಅಣವೀರಪ್ಪನವರು ಬಂದರು. ಧೋತರ, ಕರಿ ಕೋಟು, ತಲೆಗೆ ರುಮಾಲು. ಅವರು ಮ್ಯಾನೇಜರನ ಇಂಗ್ಲಿಷು ಕೇಳಿಸಿಕೊಂಡು ಸುಮ್ಮನೆ ಎದ್ದು, ನೇರ ಭೀಮರಾಯನ ಕುರ್ಚಿಯ ತನಕ ಉಸುಕಿನಲ್ಲಿ ನಡೆದು ಬಂದರು. ಸೇವಂತಿ ನಾಲ್ಕು ಹೆಜ್ಜೆ ಹಿಂದೆ ಇದ್ದಳು.

"ತಮ್ಮಾ, ನೀ ನಮ್ಮ ಭಾಷಿಯವ. ಇವರ ಮಾತ ನನಗ ಬ್ಯಾಡ. ನೀ ಖರೇ ಹೇಳು, ಕೆಂಪ ಝಂಡಾ ಇತ್ತೇನು?"

ಭೀಮರಾಯ ಕಾಲ ಕೆಳಗಿನ ಉಸುಕು ನೋಡಿದ.

"ಇತ್ರಿ, ಯಜಮಾನ್ರ."

"ಕೇಳಲಿಲ್ಲ ನೋಡು ನನ್ನ ಮಗ," ಎಂದು ಮುದುಕರು ತಮಗೆ ತಾವೇ ಹೇಳಿಕೊಂಡು ತಿರುಗಿದರು. ಸೇವಂತಿ ಅವನನ್ನು ಒಮ್ಮೆ ದಿಟ್ಟಿಸಿ ನೋಡಿದಳು. ಬಾಯಿ ತೆರೆದಳು, ಮಾವ ಕರೆದರು, ಹೋದಳು.

ಆಮೇಲೆ ಭೀಮರಾಯನಿಗೆ ಯಾವ ತೊಂದರೆಯೂ ಆಗಲಿಲ್ಲ. ಲಕ್ಷ್ಮವ್ವ ಹೆಣ್ಣುಮಗುವನ್ನು ಹೆತ್ತಳು. ಚಾಳಿನಲ್ಲಿ ಒಂದು ಕೋಣೆ ಸಿಕ್ಕಿತು. ಹೋಟೆಲಿನವರು ಹೊಸ ಅಂಗಿ ಕೊಟ್ಟರು. ಆದರೆ ಅವನ ಸ್ವಭಾವ ಬದಲಾಯಿತು. ಜನ ಪಾದ ಒದ್ದೆ ಮಾಡಿಕೊಂಡರೂ ಸೀಟಿ ಊದುತ್ತಿದ್ದ, ಮಕ್ಕಳ ರಟ್ಟೆ ಹಿಡಿದು ಹೊರಗೆಳೆಯುತ್ತಿದ್ದ, ಒಳ್ಳೆಯ ಬಿಸಿಲಿನ ದಿನವೂ ಝಂಡಾ ಏರಿಸಿಬಿಡುತ್ತಿದ್ದ. ದೂರುಗಳು ಬಂದವು. ಹೊಸದಾಗಿ ಬಂದ ಮ್ಯಾನೇಜರ್ ಅವನನ್ನು ತೋಟದ ಕೆಲಸಕ್ಕೆ ಹಾಕಿದ. ಭೀಮರಾಯ ಹುಲ್ಲಿಗೆ ನೀರು ಬಿಡುತ್ತ, ಸಮುದ್ರಕ್ಕೆ ಬೆನ್ನು ಮಾಡಿ ದಿನ ಕಳೆದ.

1979ರ ಜನವರಿಯಲ್ಲಿ ಬೆಳಗಾವಿಯ ಬಟ್ಟೆ ವ್ಯಾಪಾರಿಯೊಬ್ಬ ಬಂದು ಇಳಿದುಕೊಂಡಿದ್ದ. ತೋಟದಲ್ಲಿ ಕನ್ನಡ ಮಾತು ಕೇಳಿ ಹರಟೆಗೆ ನಿಂತ. ಇದೇ ಹೋಟೆಲಲ್ಲವೇ ಅಣವೀರಪ್ಪನವರ ಮಗ ಹೋದದ್ದು ಎಂದು ತಾನೇ ವಿಷಯ ಎತ್ತಿದ.

"ಪಾಪ, ಮುದುಕ ಹೋದ ವರ್ಷ ತೀರಿಕೊಂಡ್ರು. ಆ ಸೊಸಿ ಮಾರಿ ಮಾತ್ರ ನೋಡಲಿಲ್ಲ ನೋಡು. ಕೆಂಪ ಝಂಡಾ ಕಣ್ಣಾರೆ ಕಂಡೂ ಗಂಡನ್ನ ನೀರಿಗೆ ಬಿಟ್ಟಾಕಿ ಅಂತ ದಿನಕರ್ಮ ಮುಗಿಯೂದ್ರಾಗ ತವರಿಗೆ ಅಟ್ಟಿದ್ರು. ಈಗ ಇಲ್ಲೇ ಬಾಂದ್ರಾದಾಗ ತಾಯಿ ಜೋಡಿ ಇದ್ದಾಳ, ಸಾಲ್ಯಾಗ ಕಲಿಸ್ತಾಳಂತ."

ಭೀಮರಾಯನ ಕೈಯಲ್ಲಿದ್ದ ಪೈಪಿನ ನೀರು ಒಂದೇ ಪಾತಿಗೆ ಹರಿದು ತುಂಬಿ ಹೊರಚೆಲ್ಲಿತು. ಇಷ್ಟು ವರ್ಷ ಅವನು ತನ್ನ ಸುಳ್ಳು ಸತ್ತವನ ಮೇಲೆ ಬಿದ್ದಿದೆ ಎಂದುಕೊಂಡಿದ್ದ. ಸತ್ತವನಿಗೆ ಇನ್ನೇನು ನೋವಾದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದ. ಆ ಹುಡುಗಿಯ ವಿಚಾರ ಅವನಿಗೆ ಹೊಳೆದೇ ಇರಲಿಲ್ಲ.

ವ್ಯಾಪಾರಿಯಿಂದ ಶಾಲೆಯ ಹೆಸರು ಕೇಳಿಕೊಂಡರೂ ಹೋಗಲು ಧೈರ್ಯ ಬಾರದೆ ಎರಡು ತಿಂಗಳು ತಳ್ಳಿದ. ಕಡೆಗೆ ಒಂದು ದಿನ ಲೋಕಲ್ ಹತ್ತಿ ಬಾಂದ್ರಾದಲ್ಲಿ ಇಳಿದು, ಶಾಲೆಯ ಪೇದೆಯನ್ನು ವಿಚಾರಿಸಿ ಮನೆ ಹುಡುಕಿದ. ಹಳೆಯ ಬಿಲ್ಡಿಂಗಿನ ಎರಡನೆಯ ಮಾಳಿಗೆ. ಬಾಗಿಲು ತೆರೆದವಳು ಸೇವಂತಿಯೇ. ಇಪ್ಪತ್ತೆಂಟು ದಾಟಿರಲಿಕ್ಕಿಲ್ಲ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅವನು ಹೆಸರು ಹೇಳಬೇಕಾಗಲಿಲ್ಲ.

"ಒಳಗ ಬರ್ರಿ," ಎಂದಳು.

ಅವನು ಕುರ್ಚಿಯಲ್ಲಿ ಕೂರಲಿಲ್ಲ. ಹೊಸ್ತಿಲ ಹತ್ತಿರ ನೆಲದ ಮೇಲೆ ಕೂತು, ಮ್ಯಾನೇಜರ್ ಬೆರಳು ತೋರಿಸಿದ್ದರಿಂದ ಹಿಡಿದು "ಇತ್ರಿ" ಎಂದದ್ದರ ತನಕ ಒಂದೂ ಬಿಡದೆ ಹೇಳಿದ. ಒಳಗಿನಿಂದ ಬಂದ ತಾಯಿ ಕಸ್ತೂರಿಬಾಯಿ ಗೋಡೆ ಹಿಡಿದು ನಿಂತು ಕೇಳಿದಳು. ಮುಗಿಯುತ್ತಲೇ ಬಾಗಿಲಿಗೆ ಕೈ ತೋರಿಸಿದಳು.

"ಆರು ವರ್ಷ ಆತಲ್ಲೋ! ನನ್ನ ಮಗಳ ಬಾಳೇ ಹಾಳ ಮಾಡಿ ಈಗ ಬಂದು ಹೇಳ್ತೀ? ಏಳು, ಹೊರಗ ನಡಿ!"

"ಅವ್ವಾ, ಸುಮ್ಮನಿರು," ಎಂದಳು ಸೇವಂತಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ದಣಿವಿತ್ತು. "ನಾ ಅವತ್ತೇ ನೋಡಿದ್ದೆ. ನಿಮ್ಮ ಕುರ್ಚಿ ಕೆಳಗ ಝಂಡಾ ಸುತ್ತಿ ಇಟ್ಟಿದ್ರಿ. ಮಾವನವರಿಗೆ ಕೈ ಮುಗದು ಹೇಳಿದೆ. ಅವರೇನಂದ್ರು ಗೊತ್ತೇನು? ಹೋಟೆಲಿನವರು ಸುಳ್ಳ ಹೇಳಬಹುದು, ಆ ಅಂಬಿಗ ಯಾಕ ಹೇಳ್ತಾನ, ಅವ ನಮ್ಮವ, ಅಂದ್ರು."

ಭೀಮರಾಯ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

"ಎಲ್ಲಾರೂ ಅದನ್ನ ಕೇಳಿ ಕೇಳಿ, ಮುಂದ ನನಗೇ ಅನುಮಾನ ಬಂತು. ಖರೇನ ನೋಡಿದ್ನೋ, ದುಃಖದಾಗ ಹಂಗ ಅನಸ್ತೋ ಅಂತ. ನನ್ನ ಕಣ್ಣನ್ನ ನಾನೇ ನಂಬೂದ ಬಿಟ್ಟೆ. ಕಣ್ಣು ಸುಳ್ಳ ಹೇಳಿರಲಿಲ್ಲ. ಇವತ್ತು ಅಷ್ಟ ತಿಳೀತು."

"ನಾ ಬೆಳಗಾವಿಗೆ ಬರ್ತೀನ್ರಿ ಅಕ್ಕಾರ. ಎಲ್ಲಾರ ಮುಂದ ಹೇಳ್ತೀನಿ."

"ಯಾರ ಮುಂದ ಹೇಳ್ತೀರಿ? ಕೇಳಬೇಕಾದವರು ಹೋದ್ರು. ಮಗ ಮಾತು ಕೇಳದವ ಅಂತ ತಿಳಕೊಂಡ ಹೋದ್ರು. ನಮ್ಮ ಮನಿಯವರು ಝಂಡಾ ಇದ್ದಾಗ ಒಂದ ಹೆಜ್ಜಿನೂ ಇಟ್ಟವರಲ್ಲ, ನಿಮಗೂ ಗೊತ್ತಲ್ಲ."

ಅವಳೇ ನೀರು ತಂದುಕೊಟ್ಟಳು. ಅವನು ಕುಡಿದ ಮೇಲೆ ಲೋಟ ತೆಗೆದುಕೊಂಡು, "ಇನ್ನ ಬರಬ್ಯಾಡ್ರಿ," ಎಂದಳು. "ಸಿಟ್ಟಿಲೆ ಹೇಳಾಕತ್ತಿಲ್ಲ. ನಿಮ್ಮನ್ನ ನೋಡಿದ್ರ ಅವತ್ತಿನ ದಿನ ನೆನಪಾಗ್ತದ, ಅದಕ್ಕ."

ಮಾರನೆಯ ದಿನ ಭೀಮರಾಯ ಹೋಟೆಲಿನ ಆಫೀಸಿಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಹೊಸ ಮ್ಯಾನೇಜರ್ ಕೇಳಿಸಿಕೊಂಡು, ಅದು ತಾನು ಬರುವ ಮೊದಲಿನ ಸಂಗತಿ, ಈಗ ಹೋಗಿ ಹುಲ್ಲಿಗೆ ನೀರು ಬಿಡು ಎಂದ. ಪೊಲೀಸ್ ಚೌಕಿಯಲ್ಲಿ ಹಳೆಯ ಕಾಗದ ಹುಡುಕುವವರು ಯಾರೂ ಇರಲಿಲ್ಲ. ಆ ವಾರವೇ ಅವನು ಕೆಲಸ ಬಿಟ್ಟು, ಅಂಧೇರಿಯಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿಗೆ ಕಾವಲುಗಾರನಾಗಿ ಸೇರಿದ.

ಕೆಲಸ ಯಾಕೆ ಬಿಟ್ಟಿರಿ ಎಂದು ಲಕ್ಷ್ಮವ್ವ ಕೇಳಿದಾಗಲೇ ಅವನು ಅವಳಿಗೆ ಎಲ್ಲ ಹೇಳಿದ್ದು. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

"ನನಗ ತುಂಬ ದಿನ ಇತ್ತು, ಅದಕ್ಕ ಸುಳ್ಳ ಹೇಳಿದ್ರಾ?"

"ನನ್ನ ಜೇಲಿಗೆ ಹಾಕಿದ್ರ ನಿನ್ನ ಗತಿ ಏನಂತ..."

"ಎರಡ ವರ್ಷ ನಿಮ್ಮ ಜೋಡಿ ಉಸುಕ ಹೊತ್ತಾಕಿ ನಾನು. ಕೂಸಿನ್ನ ಬೆನ್ನಿಗೆ ಕಟಗೊಂಡು ಮತ್ತ ಹೊರ್ತಿದ್ದೆ. ಒಂದ ಮಾತು ನನ್ನ ಕೇಳಿದ್ರೇನು?"

ಕೇಳಿರಲಿಲ್ಲ. ಹವಾಲ್ದಾರನಿಗೆ ಹೇಳುವ ಮೊದಲು ಹೆಂಡತಿಯನ್ನು ಕೇಳಲು ಹೊತ್ತಿರಲಿಲ್ಲ, ನಿಜ. ಆದರೆ ಮುದುಕರು ಬಂದದ್ದು ಮರುದಿನ. ನಡುವೆ ಒಂದು ಸಂಜೆಯೆಲ್ಲ ಇತ್ತು, ಅಂದು ಲಕ್ಷ್ಮವ್ವ ಅವನೆದುರಿಗೇ ಕೂತು, ಏನಾಯ್ತು, ಯಾಕೆ ಉಣ್ಣುತ್ತಿಲ್ಲ ಎಂದು ಮೂರು ಸಲ ಕೇಳಿದ್ದಳು. ಅವನು ಏನಿಲ್ಲ ಎಂದಿದ್ದ.

ಲಕ್ಷ್ಮವ್ವ ಮತ್ತೆ ರೊಟ್ಟಿಗೆ ಕೈ ಹಾಕಿದಳು. ಭೀಮರಾಯ ಅವಳ ಬೆನ್ನು ನೋಡುತ್ತ ಕೂತಿದ್ದ.