ಒಲೆಗೊಂದು ಹುಣಸೆಬೀಜ

ಆಕೆಯ ಬೆರಳ ತುದಿಗಳು ಕಪ್ಪಗಿದ್ದವು. ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಕೂಲಿ ಆಕೆಯದು. ಆ ಹುಳಿ ಚರ್ಮದೊಳಗೇ ಇಳಿದುಬಿಟ್ಟಿತ್ತು. ಪಂಚಾಯಿತಿ ಕುರ್ಚಿಯಲ್ಲಿ ಕೂತು ಮೇಜಿನ ಮೇಲೆ ಕೈ ಇಟ್ಟರೆ ನಾವು ಮೆಂಬರುಗಳು ಆ ಬೆರಳು ನೋಡಿ ಒಳಗೊಳಗೇ ನಗುತ್ತಿದ್ದೆವು. ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಎಸ್ಸೆಸ್ಸೆಲ್ಸಿ ಓದಿದವನಿಗೆ ನಾಲ್ಕು ಸಾಲು ಬರೆಯಲು ಬಾರದೆಂದಲ್ಲ. ಅಂಜಿಕೆ.

ಹೆಂಗಸರಿಗೆ ಮೀಸಲಾತಿ ಬಂದ ಹೊಸತು. ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ರಸ್ತೆ ಪಕ್ಕದ ಗುಡಿಸಲುಗಳ ಓಣಿಯಲ್ಲಿದ್ದ ಆಕೆ ಪಂಚಾಯಿತಿ ಅಧ್ಯಕ್ಷೆಯಾದಳು. ಊರು ‘ಚೇರ್ಮನ್ನವ್ವ’ ಎಂದು ಕರೆಯಿತು, ಮೊದಲು ಚೇಷ್ಟೆಗೆ, ಆಮೇಲೆ ಮರ್ಯಾದೆಗೆ. ಹುರಿದ ಹುಣಸೆಬೀಜವೊಂದು ಯಾವಾಗಲೂ ಆಕೆಯ ದವಡೆಯಲ್ಲಿ ಇರುತ್ತಿತ್ತು. ಅದು ಕಟಂ ಎಂದು ಒಡೆಯುವವರೆಗೆ ಯಾವ ಪ್ರಶ್ನೆಗೂ ಉತ್ತರವಿಲ್ಲ. ಗದ್ದಲ ಹಾಕುವವರಿಗೆ, “ಒದರ್ರಿ ಒದರ್ರಿ, ನಾ ಕಾಯ್ತೀನಿ. ದಿನಾ ಹಣ್ಣು ಬಡಿಯೋಳು, ಕೂತು ರೂಢಿ ಐತಿ ನನಗ” ಎನ್ನುತ್ತಿದ್ದಳು.

ಆ ಗುಡಿಸಲುಗಳವರಿಗೆ ಸರ್ಕಾರದ ಮನೆ ಮಂಜೂರಾದವು. ಜಾಗ ಎಲ್ಲಿ? ಊರ ನಡುವೆ ಒಂದು ಬಯಲಿತ್ತು. ಅದರ ಅಂಚಿಗೆ ಪಾಳೇಗಾರರ ಕಾಲದ್ದೆನ್ನುವ ಮೆಟ್ಟಿಲಬಾವಿ, ಕಲ್ಲುಮಂಟಪ. ಹುಡುಗರು ಆಡುವುದು, ಹೆಂಗಸರು ಶೇಂಗಾ ಒಣಗಿಸುವುದು ಅಲ್ಲೇ. ಎಲ್ಲರೂ ಆ ಬಯಲಿಗೇ ಬೆರಳು ತೋರಿಸಿದರು. ಆಕೆ ಒಪ್ಪಲಿಲ್ಲ. ಮನೆಗಳು ಊರ ಮೇಲಿನ ದಿಬ್ಬದಲ್ಲಾಗಲಿ, ಬಯಲು ಹುಡುಗರಿಗಿರಲಿ, ಬಾವಿಯ ಹೂಳು ತೆಗೆಸೋಣ ಎಂದಳು. ಸರ್ಕಾರದ ದುಡ್ಡು ಗೋಡೆಗಷ್ಟೇ. ಕಲ್ಲುದಿಬ್ಬ ಸಮ ಮಾಡುವುದಕ್ಕೂ ಹೂಳಿಗೂ ಊರೇ ಪಟ್ಟಿ ಎತ್ತಬೇಕು. ದೇವರ ಕಾರ್ಯಕ್ಕೆ ಒಲೆಗಿಷ್ಟೆಂದು ಮನೆಮನೆಯಿಂದ ಎತ್ತುತ್ತೇವಲ್ಲ, ಆ ಪಟ್ಟಿ.

“ದೇವರಿಗಲ್ಲದ ಪಟ್ಟಿ ಎಲ್ಲೈತವ್ವಾ?” ಎಂದರು ಮಂಟಪದಲ್ಲಿ ಸಭೆ ಸೇರಿದ್ದ ಹಿರಿಯರು.

ಬೀಜ ಒಡೆಯಿತು. “ಪಟ್ಟಿ ಕೊಡೋದು ಒಲಿ. ಬೇಕೋ ಬ್ಯಾಡೋ ಅನ್ನೋದೂ ಒಲಿನೇ ಹೇಳ್ಲಿ. ಒಲಿ ಹಚ್ಚೋರು ಬಂದು ಒಂದೊಂದು ಹುಣಸೆಬೀಜ ಹಾಕ್ಲಿ, ಎರಡು ಗಡಿಗಿ ಇಡ್ತೀನಿ.”

“ಹಂಗಾದ್ರ ಗಂಡಸರು ಬರಾದು ಬ್ಯಾಡೇನು?”

“ಒಲಿ ಹಚ್ಚಾಕ ಬರೋ ಗಂಡಸರು ಬರ್ಲಿ ಬಿಡ್ರಿ ಯಪ್ಪಾ!”

ಮಂಟಪವೆಲ್ಲ ನಕ್ಕಿತು. ನಾನು ನಗಲಿಲ್ಲ. ಆ ದಿಬ್ಬದ ಒಂದು ಮಗ್ಗುಲನ್ನು ಒತ್ತುವರಿ ಮಾಡಿ ಹುರುಳಿ ಬಿತ್ತುತ್ತಿದ್ದವನು ನಾನು. ಮರುದಿನವೇ ಚಹಾದಂಗಡಿಯಲ್ಲಿ ಗುಡಿಸಲ ಜನರ ಕಿವಿಗೆ ಹಾಕಿದೆ: “ನಿಮ್ಮನ್ನ ಕಲ್ಲಾಗ ಒಗದು, ಆಕಿ ಮಾತ್ರ ಬಾವಿ ಮಗ್ಗಲ ಮನಿ ಕಟ್ಟಿಸ್ಕೊಳ್ತಾಳ.” ಅಪ್ಪಟ ಸುಳ್ಳು.

ಮುಂದಿನ ಸಭೆಯಲ್ಲಿ ಆಕೆಯ ಓಣಿಯವರೇ ಆಕೆಯ ಮೇಲೆ ಬಿದ್ದರು. “ನಮ್ಮ ಮಗಳಾಗಿ ನಮಗ ಹಿಂಗ ಮಾಡ್ತೀಯೇನವ್ವಾ?” ಎಂದು ಮುದುಕಿಯೊಬ್ಬಳು ಎದೆ ಬಡಿದುಕೊಂಡಳು. “ಯಾರು ಹೇಳಿದ್ರು ನಿಮಗ? ಹೆಸರು ಹೇಳ್ರಿ” ಎಂದರು ಹಿರಿಯರು. ಆಕೆ ಒಮ್ಮೆ ನನ್ನ ಕಡೆ ನೋಡಿದಳು. ಗೊತ್ತಿತ್ತು.

“ಹೆಸರು ಬ್ಯಾಡ್ರಿ. ಹೇಳಿದ್ದು ಖರೆ ಆಗಬಾರದು, ಅಷ್ಟ.”

ಮರುದಿನ ಬೆಳಿಗ್ಗೆ ತನ್ನ ಗುಡಿಸಲನ್ನು ತಾನೇ ಬಿಚ್ಚಿದಳು. ಒಲೆಯ ಕಲ್ಲುಗಳನ್ನು ಬುಟ್ಟಿಯಲ್ಲಿ ಹೊತ್ತು, ಮುಳ್ಳು ಕಲ್ಲು ತುಳಿದು ದಿಬ್ಬ ಹತ್ತಿದಳು. ಅಲ್ಲಿ ನೀರಿಲ್ಲ, ನೆರಳಿಲ್ಲ. ಒಲೆ ಹೂಡಿ ರೊಟ್ಟಿ ಬಡಿಯಲು ಕೂತಳು. ಕೆಳಗಿನ ಬಯಲಲ್ಲಿ ನಿಂತು ಊರೆಲ್ಲ ಆ ಹೊಗೆ ನೋಡಿತು. ಆಕೆಯಷ್ಟು ದೊಡ್ಡ ಮನುಷ್ಯರನ್ನು ನಾನು ಅದಕ್ಕೆ ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ.

ಬೀಜ ಹಾಕುವ ದಿನ ಮಂಟಪದಲ್ಲಿ ಸೀರೆಯ ಮರೆ ಕಟ್ಟಿ ಗಡಿಗೆಗಳನ್ನಿಟ್ಟರು. ಗುಡಿಸಲುಗಳ ಹೆಂಗಸರೇ ಮೊದಲು ಬಂದರು. ‘ಬೇಕು’ ಗಡಿಗೆ ಕಂಠದವರೆಗೆ ತುಂಬಿತು. ‘ಬ್ಯಾಡ’ ಗಡಿಗೆಯಲ್ಲಿ ಬೀಜಗಳು ತಳದಲ್ಲಿ ಗಲಗಲ ಎಂದವು. ನನ್ನ ಹೆಂಡತಿ ಯಾವುದಕ್ಕೆ ಹಾಕಿದಳೋ, ಇವತ್ತಿಗೂ ಹೇಳಿಲ್ಲ.

ದಿಬ್ಬ ಅಗೆಯುವ ಕಾಲಕ್ಕೆ ಆಕೆ ನನ್ನ ಮನೆ ಬಾಗಿಲಿಗೆ ಬಂದಳು. “ಯಣ್ಣಾ, ನಿನ್ನ ಹುರುಳಿ ಕಿತ್ತುಕೋ. ಅಲ್ಲೀತನಕ ಆ ಮಗ್ಗುಲಿಗೆ ಸಲಿಕಿ ಹಚ್ಚಂಗಿಲ್ಲ.” ಒತ್ತುವರಿ ಮಾಡಿದವನ ಬೆಳೆಗೆ ಕಾಯುತ್ತೇನೆಂದು ಹೇಳಲು ಬಂದಿದ್ದಳು!

ಬಾವಿಯಲ್ಲಿ ಈಗ ನೀರಿದೆ. ಬಯಲಲ್ಲಿ ನನ್ನ ಮೊಮ್ಮಕ್ಕಳೂ ಆಡುತ್ತಾರೆ. ದಿಬ್ಬದ ಮೇಲೆ ಒಂದು ಓಣಿಯೇ ಎದ್ದಿದೆ.

ಕೆಲವು ವರ್ಷಗಳ ಮೇಲೆ ಆಕೆ ಹಾಸಿಗೆ ಹಿಡಿದಳೆಂದು ಕೇಳಿ ದಿಬ್ಬ ಹತ್ತಿದೆ. ಮೈ ಒಣಗಿತ್ತು, ಕಣ್ಣು ಅವೇ. ಮಗ್ಗಲಲ್ಲಿ ಕೂರಿಸಿಕೊಂಡಳು. ಮಳೆ, ಶೇಂಗಾ ದರ, ಬಸ್ಸು ಎಲ್ಲ ಮಾತಾಡಿದೆ. ಆಕೆ ಕೇಳುತ್ತಲೇ ಇದ್ದಳು. ಏಳುವಾಗ ನನ್ನ ಕೈ ಹಿಡಿದಳು.

“ಯಣ್ಣಾ, ಏನೋ ಹೇಳಾಕ ಬಂದಿದ್ದಿ. ಹೇಳಿ ಹೋಗು.”

“ಏನಿಲ್ಲವ್ವಾ, ಹಂಗ ನೋಡಿ ಹೋಗಾಕ ಬಂದಿದ್ದೆ” ಎಂದೆ.

ಆ ವಾರವೇ ಹೋಗಿಬಿಟ್ಟಳು. ನಾನು ಆಕೆಗೆ ಹೇಳಿದ ಕೊನೆಯ ಮಾತು ಅದು. ಅದೂ ಸುಳ್ಳು.