ಬಾವಿಯಲ್ಲಿ ಸಿಕ್ಕ ವರ

ಮದರಾಸಿನಲ್ಲಿ ಓದಿ ಇಂಜಿನಿಯರಾಗಿ ಊರಿಗೆ ಬಂದಾಗ ನನಗೆ ಒಂದು ಮೊಳೆಯನ್ನು ನೆಟ್ಟಗೆ ಹೊಡೆಯಲು ಬರುತ್ತಿರಲಿಲ್ಲ. ಅದು ಯಾರಿಗೂ ಗೊತ್ತಾಗಲಿಲ್ಲ. ಸಿರುಗುಪ್ಪದ ಕಚೇರಿಯಲ್ಲಿ ನನಗೆ ಕೊಟ್ಟ ಕೆಲಸಕ್ಕೆ ಮೊಳೆಯ ಅಗತ್ಯವೇ ಇರಲಿಲ್ಲ. ಒಬ್ಬರು ಕಾಲುವೆ ಅಳೆಯುತ್ತಿದ್ದರು, ಇನ್ನೊಬ್ಬರು ಬರೆಯುತ್ತಿದ್ದರು, ನಾನು ಕೆಳಗೆ ರುಜು ಹಾಕುತ್ತಿದ್ದೆ. ತಲೆಗೆ ಹ್ಯಾಟು ಇಟ್ಟುಕೊಂಡು ದಂಡೆಯ ಮೇಲೆ ನಿಂತರೆ ರೈತರು ಕೈ ಮುಗಿಯುತ್ತಿದ್ದರು. ನೀರು ತಾನೇ ಹರಿಯುತ್ತಿತ್ತು.

ಶನಿವಾರ ಬಸ್ಸು ಹಿಡಿದು ಕುರುಗೋಡಿನ ಮನೆಗೆ ಹೋಗುತ್ತಿದ್ದೆ. ಒಂದು ಭಾನುವಾರ ಬೆಳಿಗ್ಗೆ ಅವ್ವ ಹಿತ್ತಲ ಬಾವಿಯಿಂದ ನೀರು ಸೇದುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ. ಪಕ್ಕದ ಮನೆಯ ಮುದುಕಿ ಗೋಡೆಯಾಚೆಯಿಂದ, ನನಗೆ ಕೇಳಲಿ ಎಂದೇ, "ಮಗ ಇಂಜಿನೇರ ಆಗ್ಯಾನ, ತಾಯಿ ಇನ್ನಾ ಹಗ್ಗ ಜಗ್ಗಾಕ ಹತ್ತ್ಯಾಳ" ಅಂದಳು.

ಎದ್ದು ಹೋಗಿ ಹಗ್ಗ ಹಿಡಿದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಓದಿದವನಿಗೆ ಅಷ್ಟು ಸುಲಭದ ದಾರಿ ಹೊಳೆಯುವುದಿಲ್ಲ. ನನ್ನ ಕೈಯಾರೆ ಒಂದು ಪಂಪು ಮಾಡಿ ಕೂರಿಸುತ್ತೇನೆ ಎಂದು ಸಾರಿಬಿಟ್ಟೆ.

ಎರಡನೇ ಮಹಾಯುದ್ಧ ಮುಗಿದಿತ್ತು. ಬಳ್ಳಾರಿಯ ಗುಜರಿಯಲ್ಲಿ ಮಿಲಿಟರಿಯವರು ಬಿಟ್ಟುಹೋದ ಹಿತ್ತಾಳೆ ಕೊಳವೆ ಸಿಕ್ಕಿತು. ಗುಜರಿಯ ಎದುರಿಗೇ ಒಬ್ಬ ಮುದುಕ ಮಿಸ್ತ್ರಿಯ ಕಬ್ಬಿಣ ಕಡೆಯುವ ಲೇತ್ ಇತ್ತು. ಕೆಲಸ ಕಲಿಸು ಎಂದು ಕೇಳಿದೆ. ಆತ ನನ್ನ ಅಂಗೈ ತಿರುಗಿಸಿ ನೋಡಿದ.

"ಸಾಹೇಬ್ರ, ಈ ಕೈಲೆ ಊಟ ಬಿಟ್ರ ಬ್ಯಾರೆ ಏನೂ ಮಾಡಿಲ್ಲ ನೀವು."

"ಪುಸ್ತಕದಾಗ ಎಲ್ಲಾ ಓದೀನಿ."

"ಪುಸ್ತಕದಾಗಿನ ಕಬ್ಬಿಣ ಮೆತ್ತಗ ಇರ್ತೈತ್ರಿ. ಇದು ಕಚ್ಚತೈತಿ."

ನಿಜಕ್ಕೂ ಕಚ್ಚಿತು. ಮೂರು ಭಾನುವಾರ ನನ್ನಿಂದ ಬರೀ ಅರದಲ್ಲಿ ಒಂದು ತುಂಡು ಕಬ್ಬಿಣ ಉಜ್ಜಿಸಿದ. ಆಮೇಲೆ ಲೇತಿನ ಹತ್ತಿರ ಬಿಟ್ಟುಕೊಂಡ. ಪಂಪಿನೊಳಗೆ ಆಡುವ ತೊಗಲಿನ ಬಿಲ್ಲೆಗಳನ್ನು ನೀರಿನಲ್ಲಿ ನೆನೆಸಿ ನೆನೆಸಿ ಹಾಳುಮಾಡುತ್ತಿದ್ದೆ. ಕಡೆಗೆ ಚಪ್ಪಲಿ ಹೊಲಿಯುವ ಹಿರಿಯರೊಬ್ಬರು ಕರುಣೆಯಿಂದ ಹೇಳಿಕೊಟ್ಟರು: "ಎಣ್ಣಿ ಕುಡಸ್ರಿ ಅದಕ್ಕ. ಆಮ್ಯಾಲ ಹೇಳಿದಂಗ ಕೇಳ್ತೈತಿ." ಮದರಾಸಿನಲ್ಲಿ ನನಗೆ ಕಲಿಸಿದ ಒಬ್ಬ ಪ್ರೊಫೆಸರರಿಗೂ ಇದು ಗೊತ್ತಿದ್ದಂತಿರಲಿಲ್ಲ.

ಬೇಸಿಗೆಯ ಹೊತ್ತಿಗೆ ಪಂಪು ಸಿದ್ಧವಾಯಿತು. ಅಪ್ಪ ಓಣಿಯವರನ್ನೆಲ್ಲ ಕರೆದು ಕಾಯಿ ಒಡೆಸಿದರು. ನಾನು ಹಿಡಿ ಒತ್ತಿದೆ. ಪಂಪು ಕೆಮ್ಮಿತು. ಮತ್ತೆ ಒತ್ತಿದೆ. ಇನ್ನೂ ಜೋರಾಗಿ ಕೆಮ್ಮಿತು. ಬೆವರು ನನ್ನ ಮೂಗಿನ ತುದಿಯಿಂದ ತೊಟ್ಟಿಕ್ಕಿತೇ ಹೊರತು ನಳಿಕೆಯಿಂದ ಒಂದು ಹನಿ ಬೀಳಲಿಲ್ಲ.

"ಮದ್ಲು ಗಾಳಿ ಬರ್ತೈತಿ, ಆಮ್ಯಾಲ ನೀರು" ಎಂದು ಅಪ್ಪ ಜನರಿಗೆ ವಿವರಿಸುತ್ತಿದ್ದರು.

ಅವ್ವ ಬಾವಿಗೆ ಇಣುಕಿ ನೋಡಿ ಕೇಳಿದಳು: "ಯಪ್ಪಾ, ನೀರು ಎಷ್ಟು ಕೆಳಗ ಹೋಗೈತಿ ಅಳತಿ ಮಾಡಿದ್ಯೇನು?"

ಮಾಡಿದ್ದೆ, ಕಾರ್ತಿಕ ಮಾಸದಲ್ಲಿ. ಆಗ ನೀರು ಇಪ್ಪತ್ತು ಅಡಿಯಲ್ಲಿತ್ತು, ಈಗ ನಲವತ್ತಕ್ಕೆ ಇಳಿದಿತ್ತು. ಮೇಲೆ ಕೂತ ಪಂಪು ಇಪ್ಪತ್ತೈದು ಅಡಿಯ ಆಚೆಯ ನೀರನ್ನು ಹೀರಲಾರದು. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಪರೀಕ್ಷೆಯಲ್ಲಿ ಇದೇ ಪ್ರಶ್ನೆಗೆ ಚಿತ್ರಸಹಿತ ಉತ್ತರ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ.

ದಾರಿ ಒಂದೇ ಇತ್ತು. ಪಂಪನ್ನೇ ಬಾವಿಯೊಳಗೆ ಇಳಿಸಿ, ಉದ್ದನೆಯ ಸರಳಿನಿಂದ ಮೇಲಿನ ಹಿಡಿಗೆ ಜೋಡಿಸಬೇಕು. ಮುಂದಿನ ಭಾನುವಾರ ಚಡ್ಡಿ ಬನಿಯನ್ನಿನಲ್ಲಿ ಹಗ್ಗ ಹಿಡಿದು ಇಳಿದೆ. ಒಳಗೊಂದು ಚಾಚುಗಲ್ಲಿನ ಮೇಲೆ ನಿಂತು, ಮೊಳಕೈವರೆಗೂ ಗ್ರೀಸು ಬಳಿದುಕೊಂಡು, ಸರಳು ಜೋಡಿಸಿ ಕಡೆಯ ಬೋಲ್ಟು ಬಿಗಿಯುತ್ತಿದ್ದೆ.

ಅಂದು ಮಧ್ಯಾಹ್ನ ದೇಶನೂರಿನಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಬೆಳಗಿನ ಬಸ್ಸಿಗೇ ಬಂದುಬಿಟ್ಟರು. ಅಪ್ಪ ತರಕಾರಿಗೆ ಹೋಗಿದ್ದರು, ಅವ್ವ ಒಳಗೆ ರುಬ್ಬುತ್ತಿದ್ದಳು. ಬಂದವರು ಬಾಗಿಲಲ್ಲಿ ಯಾರೂ ಕಾಣದೆ, ಸದ್ದು ಕೇಳಿ ಹಿತ್ತಲಿಗೇ ಬಂದು ಬಾವಿಗೆ ಇಣುಕಿದರು. ತಲೆಗೆ ಸುತ್ತಿದ ಒಂದು ದೊಡ್ಡ ರುಮಾಲು, ಪಕ್ಕದಲ್ಲೊಂದು ಸೆರಗು ಹೊದ್ದ ತಲೆ ಕಂಡಿತು. ಹುಡುಗಿಯ ತಂದೆ ಮತ್ತು ಸೋದರತ್ತೆ.

"ಏ ತಮ್ಮಾ," ರುಮಾಲು ಕೂಗಿತು, "ಇಂಜಿನೇರ ಸಾಹೇಬ್ರ ಮನಿ ಇದ ಏನು?"

"ಹೌದ್ರಿ."

"ಹುಡುಗ ಹ್ಯಾಂಗದಾನೋ? ನೀ ಕೆಲ್ಸದಾವ, ಖರೇ ಹೇಳತಿ."

ಆ ಸ್ಥಿತಿಯಲ್ಲಿ ಸತ್ಯ ಹೇಳುವ ಧೈರ್ಯ ನನಗೆ ಬರಲಿಲ್ಲ. ಅರ್ಧ ಸತ್ಯ ಹೇಳಿದೆ. "ನೋಡಾಕ ಅಡ್ಡಿಯಿಲ್ರಿ. ಬುದ್ಧಿ ಸ್ವಲ್ಪ ಕಡಿಮಿ ಅಂತ ಓಣ್ಯಾಗ ಮಾತೈತಿ."

"ಸರಕಾರಿ ನೌಕರಿ ಐತಲ್ಲ, ಬುದ್ಧಿ ಯಾಕ?" ಅಂದರು ಅವರು.

ಅಷ್ಟರಲ್ಲಿ ಅವ್ವ ಹೊರಗೆ ಬಂದು, ಬಂದವರನ್ನು ಗಮನಿಸದೆ, "ಯಪ್ಪಾ, ಲಗೂನ ಮ್ಯಾಲ ಬಾ, ಹೆಣ್ಣಿನ ಕಡಿಯವ್ರು ಬರೂ ಹೊತ್ತಾತು!" ಎಂದು ಬಾವಿಗೆ ಕೂಗಿದಳು.

ನಾನು ಮೇಲೆ ಬಂದು ಕರಿ ಕೈಗಳನ್ನು ಜೋಡಿಸಿ ನಮಸ್ಕಾರ ಮಾಡಿದೆ. ರುಮಾಲಿನವರು ಎರಡು ಹೆಜ್ಜೆ ಹಿಂದೆ ಸರಿದು, "ಕೂಲಿ ಆಳು ಸಿಗಲಿಲ್ಲೇನು ನಿಮ್ಮೂರಾಗ?" ಎಂದು ಅವ್ವನನ್ನು ಕೇಳಿದರು. ಉಪ್ಪಿಟ್ಟು ತಿನ್ನುವಷ್ಟು ಹೊತ್ತೂ ನನ್ನ ಉಗುರುಗಳನ್ನೇ ನೋಡುತ್ತಿದ್ದರು. ಸಂಬಂಧ ಮುರಿಯಿತು ಎಂದು, ತರಕಾರಿ ಹಿಡಿದು ಬಂದ ಅಪ್ಪನ ಮುಖ ಸಣ್ಣದಾಯಿತು.

ಆದರೆ ಸೋದರತ್ತೆ ಕೈ ತೊಳೆಯಲು ಹಿತ್ತಲಿಗೆ ಹೋದವರು ತಿರುಗಿ ಬರಲೇ ಇಲ್ಲ. ಹೋಗಿ ನೋಡಿದರೆ ಪಂಪಿನ ಹಿಡಿ ಒತ್ತುತ್ತಿದ್ದಾರೆ, ನೀರು ಭಳಭಳ ಸುರಿಯುತ್ತಿದೆ. ನಾನೇ ಇನ್ನೂ ಒತ್ತಿ ನೋಡಿರಲಿಲ್ಲ. ಕೊಡ ತುಂಬಿ ಚೆಲ್ಲಿ ಸೀರೆಯ ಅಂಚು ತೊಯ್ದಿತ್ತು. ಎಳೆ ಹುಡುಗಿಯಂತೆ ನಗುತ್ತಿದ್ದರು. "ನಲವತ್ತು ವರ್ಷ ಹಗ್ಗ ಜಗ್ಗೀನಿ ನಾನು. ನನಗ ಯಾರೂ ಹಿಂಗ ಮಾಡಿಕೊಡಲಿಲ್ಲ" ಅಂದರು. ಆ ಮಾತಿಗೆ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಪದವಿಗೆ ಅಂದು ಮೊದಲ ಬಾರಿಗೆ ಬೆಲೆ ಬಂದಂತಾಯಿತು.

ಹದಿನೈದು ದಿನದ ಮೇಲೆ ಕಾಗದ ಬಂತು. ಸಂಬಂಧ ಒಪ್ಪಿಗೆ. ಆದರೆ ವರನ ಕೈಯಿಂದ ತಮ್ಮ ಮನೆಗೂ ಒಂದು ಪಂಪು ಆಗಬೇಕೆಂಬುದು ಸೋದರತ್ತೆಯ ಹಟ. ದೇಶನೂರಿನಲ್ಲಿ ಗದ್ದೆಗೆ ಕಾಲುವೆ ನೀರು ಹರಿಯುವುದರಿಂದ ಬಾವಿಯ ನೀರು ಕೈಗೆಟಕುವಷ್ಟು ಮೇಲಿತ್ತು. ಅಲ್ಲಿ ಎರಡನೇ ಒತ್ತಿಗೇ ನೀರು ಬಂತು. ನೆರೆದವರು ನನ್ನನ್ನು ಮಹಾಪಂಡಿತನೆಂದು ಹೊಗಳಿದರು. ನಾನು ಯಾರನ್ನೂ ತಿದ್ದಲು ಹೋಗಲಿಲ್ಲ.

ಮದುವೆಯಾಗಿ ಕೆಲವು ತಿಂಗಳ ಮೇಲೆ ನನ್ನ ಹೆಂಡತಿ ನಗುತ್ತ ಒಂದು ವಿಷಯ ಹೇಳಿದಳು. ಅವಳ ಅಪ್ಪ ಊರಲ್ಲೆಲ್ಲ, "ಅಳಿಯ ಪಂಪು ಮದರಾಸಿನಿಂದ ತರಿಸ್ಯಾನ" ಎಂದು ಹೇಳಿಕೊಂಡು ತಿರುಗುತ್ತಿದ್ದರಂತೆ.

"ನಾನ ಮಾಡಿದ್ದು ಅಂತ ಹೇಳಬೇಕಿತ್ತಲ್ಲ?" ಅಂದೆ.

"ಹೆಂಗ ಹೇಳ್ತಾರ್ರಿ?" ಅಂದಳು ಅವಳು. "ಮಗಳ್ನ ಇಂಜಿನೇರಗ ಕೊಟ್ಟೀನಿ ಅಂತ ಊರಿಗೆಲ್ಲಾ ಹೇಳ್ಯಾರ."